ಕೊಬ್ಬರಿ ಕನ್ನಡಕದ ಕಾರ್ಯದರ್ಶಿ

ಸಿ.ಎಸ್. ಪುರದಲ್ಲಿ ಕಾಯಿ ಕೀಳುವ ಅಡವಿಯಪ್ಪನಿಗೆ ತೆಂಗಿನ ಸಂಘ ತನ್ನ ಖರ್ಚಿನಲ್ಲಿ ಕೊಡಿಸಬೇಕಾದ ಸೂಜಿ ಇನ್ನೂ ಬಾಕಿಯಿದೆ. ಒಂದೇ ಹೆಜ್ಜೇನು ಕಚ್ಚಿ ಉಸಿರುಗಟ್ಟಿ ಬಿದ್ದಿದ್ದವನು ಅವನು. ಜೇನಿನ ವಿಷವನ್ನೇ ಚೂರುಚೂರು ಚುಚ್ಚಿ ಮೈ ಪಳಗಿಸುವ ಈ ಚಿಕಿತ್ಸೆಯನ್ನು ವರ್ಷಗಟ್ಟಲೆ ಬಿಡಬಾರದೆಂದು ಡಾಕ್ಟರು ಹೇಳಿದ್ದಾರೆ. ಆದರೆ ಸಂಘದ ಕಾರ್ಯದರ್ಶಿ ಅನಂತರಾಜು ಏರಿತೋ ಇಳಿಯಿತೋ ಎಂದಷ್ಟೇ ಕೊಬ್ಬರಿ ರೇಟು ನೋಡುವ ಕನ್ನಡಕದಲ್ಲೇ ಅವನ ರಕ್ತದ ರಿಪೋರ್ಟನ್ನೂ ನೋಡುತ್ತಾರೆ. ಶುರುವಿನಲ್ಲಿ ಅಲರ್ಜಿಯ ಆಂಟಿಬಾಡಿ ಏರಿತು; ಮೊದಮೊದಲು ಅದು ಮಾಮೂಲು. ಇವರು ಮಾತ್ರ, “ನೋಡ್ಲಾ, ವಿಷ ಏರ್ತಾ ಐತೆ, ನಿಲ್ಸು” ಎಂದರು. ಡಾಕ್ಟರು ಬೈದು ಮತ್ತೆ ಶುರುಮಾಡಿಸಿದರು. ಆಮೇಲೆ ಮೈ ಕಾಯುವ ಆಂಟಿಬಾಡಿ ಏರಿತು. “ವಾಸಿಯಾಯ್ತಲ್ಲ, ಇನ್ಯಾಕ್ಲಾ ಸೂಜಿ?” ಎಂದು ಮತ್ತೆ ನಿಲ್ಲಿಸಿದರು. “ಬಿಡಬ್ಯಾಡ ಅಂದವ್ರೆ ಡಾಕ್ಟ್ರು, ಸಾಮಿ,” ಎಂದು ಅಡವಿಯಪ್ಪ ಗೋಗರೆದರೆ, “ಹಂಗಾದ್ರೆ ನಿನ್ ಬದ್ಲು ಡಾಕ್ಟ್ರೇ ಮರ ಹತ್ಲಿ ಬುಡು!” ಎಂಬ ನಗೆ ಬೇರೆ. ಇದೇ ಅನಂತರಾಜು ತಿಂಗಳಿಗೊಮ್ಮೆ ಮಗಳು ಹೇಮಶ್ರೀಯನ್ನು ತುಮಕೂರಿಗೆ ಕರೆದೊಯ್ಯುತ್ತಾರೆ. ಅವಳಿಗೂ ಜೇನಿನ ಅಲರ್ಜಿ, ಅದೇ ಸೂಜಿ. ಅವಳ ರಿಪೋರ್ಟನ್ನು ಮಾತ್ರ ಬಿಚ್ಚಿ ನೋಡುವ ಧೈರ್ಯ ಅವರಿಗಿಲ್ಲ. ಸೂಜಿಯಾದ ಮೇಲೆ ಎಲ್ಲಿ ಮುಖ ಊದುತ್ತದೋ ಎಂದು ಅವಳನ್ನೇ ನೋಡುತ್ತ ಕೂತು, “ಏನೇ ಆಗ್ಲಿ, ನಿಲ್ಲಿಸ್ಬೇಡಿ ಡಾಕ್ಟ್ರೇ” ಎನ್ನುತ್ತಾರೆ. ಅಡವಿಯಪ್ಪ ನಾಳೆ ಹತ್ತಬೇಕಾದ ಮರದಲ್ಲಿ ಜೇನು ಕಟ್ಟಿದೆ. ಓದುತ್ತ ಕೂತವರೇ, ಎದ್ದು ಬಂದು ಸಂಘದ ಬಾಗಿಲಲ್ಲಿ ನಿಂತು ಅವನ ಸೂಜಿ ಕೊಡಿಸಿ. ಆಗುವುದಿಲ್ಲವೆಂದರೆ, ಅವನು ಕಿತ್ತ ಕಾಯಿಯ ಚಟ್ನಿ ಮುಟ್ಟಬೇಡಿ.