ಕೆಟ್ಟ ಗಳಿಗೆಯ ಲೆಕ್ಕ

ನಾಶಿಕ ರೋಡ್ ಸ್ಟೇಷನ್ನಿನಲ್ಲಿ ಇಳಿದ ನೆಂಟರು ಫೋನು ಮಾಡಿ, ಆಟೋ ಹತ್ತಿದ್ದೇವೆ, ಇನ್ನೇನು ಬಂದೆವು ಎಂದಾಗ ಒಲೆಯ ಮುಂದೆ ನಿಂತವರು ಮಾಡುವ ಒಂದು ಲೆಕ್ಕವಿದೆ, ನೀವೂ ಮಾಡಿರುತ್ತೀರಿ. ಅವರು ಬಾಗಿಲು ತಟ್ಟುವ ಹೊತ್ತಿಗೆ ರೊಟ್ಟಿ ಆಗಿರುತ್ತದೆಯೇ? ಇದನ್ನು ಎರಡು ಬಗೆಯಲ್ಲಿ ಊಹಿಸಬಹುದು. ಇಂಥ ಹಲವು ಮುಂಜಾನೆಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓಡಿಸಿ ನೋಡಿ, ಯಾವತ್ತೂ ತಡವಾಗಿಲ್ಲ, ಇವತ್ತೂ ಆಗದು ಎಂದು ನೆಮ್ಮದಿಯಿಂದ ಹಿಟ್ಟು ನಾದುವುದು ಒಂದು ಬಗೆ. ಸಿಲಿಂಡರು ಈಗಲೇ ಮುಗಿದರೆ, ಅದೇ ಹೊತ್ತಿಗೆ ನಲ್ಲಿಯಲ್ಲಿ ನೀರು ನಿಂತರೆ, ಹಿಟ್ಟು ಬಿರಿದು ರೊಟ್ಟಿ ಹರಿದರೆ ಎಂದು ಕೆಡಕುಗಳನ್ನೆಲ್ಲ ಒಂದೇ ಗಳಿಗೆಗೆ ಕರೆತಂದು ಕೂಡಿಸಿ, ಆಗಲೂ ಊಟ ಸಿದ್ಧವಾದೀತೇ ಎಂದು ನೋಡುವುದು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವಳು. ಅಮ್ಮನಿಗೆ ಚಿಂತೆಯೆಂದರೆ ಬಲು ಇಷ್ಟ ಎಂದು ಮಗಳು ಅರ್ಧ ಮರಾಠಿಯಲ್ಲಿ ನಗುತ್ತಾಳೆ. ಅವಳಿಗೆ ತಿಳಿಯದ್ದೇನೆಂದರೆ, ಆ ಚಿಂತೆಯೇ ಬಹಳ ಕಾಲ ನನ್ನ ಉದ್ಯೋಗವಾಗಿತ್ತು.

ಈ ಶತಮಾನದ ಮೊದಲ ವರ್ಷಗಳಲ್ಲಿ, ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಗಂಡನಿಗೆ ಕೆಲಸ ಸಿಕ್ಕಿ ಗುಲ್ಬರ್ಗದಿಂದ ನಾಶಿಕಕ್ಕೆ ಬಂದ ನಾನು, ಊರಂಚಿನ ಕೈಗಾರಿಕಾ ವಸಾಹತಿನ ಒಂದು ಪುಟ್ಟ ಕಂಪನಿಯಲ್ಲಿ ಇಂಜಿನಿಯರಾಗಿ ಸೇರಿದೆ. ಯಂತ್ರಗಳ ಒಡಲಲ್ಲಿ ಅಡಗಿ ಕೂತು ಅವನ್ನು ಆಳುವ ಚಿಕ್ಕ ಕಂಪ್ಯೂಟರುಗಳನ್ನು ನಾವು ರೂಪಿಸುತ್ತಿದ್ದೆವು. ಬೋರ್ಡು ಇನ್ನೂ ತಯಾರಾಗಿರುವುದಿಲ್ಲ, ಪ್ರೋಗ್ರಾಮಿನ ಒಂದು ಸಾಲೂ ಬರೆದಿರುವುದಿಲ್ಲ. ಆದರೂ ಹುಟ್ಟಬೇಕಾದ ಆ ವಸ್ತು ತಕ್ಕ ಹೊತ್ತಿಗೆ ತಕ್ಕ ಕೆಲಸ ಮಾಡೀತೇ ಎಂಬುದನ್ನು ಮೊದಲೇ ಹೇಳಬೇಕು. ಆ ಭವಿಷ್ಯ ಹೇಳುವುದು ನನ್ನ ಮತ್ತು ಮಠಪತಿ ಸರ್ ಅವರ ಪಾಲಿಗೆ ಬಂದಿತ್ತು.

ಮಠಪತಿ ಸರ್ ಬೀದರ ಜಿಲ್ಲೆಯ ಭಾಲ್ಕಿಯವರು. ಹಣೆಯ ಮೇಲೆ ವಿಭೂತಿ, ಕಿಸೆಯಲ್ಲಿ ಸದಾ ಒಂದು ಪೆನ್ಸಿಲ್ಲು, ಯಾರನ್ನೂ ಏಕವಚನದಲ್ಲಿ ಕರೆಯದ ನಾಲಿಗೆ. ಅವರು ನಂಬಿದ್ದು ಸಿಮ್ಯುಲೇಶನ್ನನ್ನು: ಹುಟ್ಟಲಿರುವ ಯಂತ್ರದ ಛಾಯೆಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದನ್ನು ವಾರಗಟ್ಟಲೆ ಓಡಿಸಿ, ಎಲ್ಲಿಯಾದರೂ ತಡವಾಯಿತೇ ಎಂದು ಕಾಯುವುದು. ನಾನು ನಂಬಿದ್ದು ಕೆಟ್ಟ ಗಳಿಗೆಯ ಲೆಕ್ಕವನ್ನು: ಏನನ್ನೂ ಓಡಿಸದೆ, ಪ್ರತಿಯೊಂದು ಕೆಲಸವೂ ತೆಗೆದುಕೊಳ್ಳಬಹುದಾದ ಅತಿ ಹೆಚ್ಚಿನ ಹೊತ್ತನ್ನು ಕಾಗದದ ಮೇಲೆ ಕೂಡಿಸುವುದು. ಈ ಬಗೆಯನ್ನು ನಮ್ಮವರು ನಿರಾಶಾವಾದಿ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಅದು ಬೈಗುಳವಲ್ಲ, ಶಾಸ್ತ್ರದ ಮಾತು. ಕಂಡ ದಿನಗಳಿಂದ ಕಾಣದ ದಿನಗಳನ್ನು ಅಳೆಯುವುದರಿಂದ ಸಿಮ್ಯುಲೇಶನ್ ಯಾವಾಗಲೂ ತುಸು ಕಡಿಮೆ ಹೇಳುತ್ತದೆ. ಎಂದೂ ಕೂಡಿ ಬರದ ಕೆಡಕುಗಳನ್ನು ಕೂಡಿಸುವುದರಿಂದ ಲೆಕ್ಕ ಯಾವಾಗಲೂ ತುಸು ಹೆಚ್ಚು ಹೇಳುತ್ತದೆ. ನಿಜ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಎಂದು ಹೇಳುವ ಮೂರನೆಯ ಬಗೆಯೊಂದು ನಮ್ಮ ಕೈಯಲ್ಲಿರಲಿಲ್ಲ.

“ನಿಮ್ಮ ಲೆಕ್ಕದಾಗ ಎಲ್ಲಾ ಕೆಡಕು ಒಮ್ಮೆಗೇ ಬರ್ತಾವರಿ, ತಂಗಿ,” ಎಂದು ಅವರು ಚಹ ಕುಡಿಯುತ್ತ ಹೇಳುತ್ತಿದ್ದರು. “ಹಂಗ ತಿಳಕೊಂಡು ಬದುಕ್ಲಿಕ್ಕೆ ಆಗ್ತದೇನು?”

ಆಗಿನ್ನೂ ಔರಂಗಾಬಾದ್ ಎಂದೇ ಎಲ್ಲರ ಬಾಯಲ್ಲಿದ್ದ, ಈಗಿನ ಛತ್ರಪತಿ ಸಂಭಾಜಿನಗರದ ಒಂದು ಕಾರ್ಖಾನೆಯಿಂದ ನಮಗೊಂದು ಕೆಲಸ ಬಂತು. ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ದೊಡ್ಡ ಪ್ರೆಸ್ ಯಂತ್ರದ ಬಾಯಿಗೆ ಅವರು ಬೆಳಕಿನ ಪರದೆ ಹಾಕಿಸಬೇಕೆಂದಿದ್ದರು. ಕಣ್ಣಿಗೆ ಕಾಣದ ಕಿರಣಗಳ ಆ ಪರದೆಯನ್ನು ಕೆಲಸಗಾರನ ಕೈ ದಾಟಿದ ಕೂಡಲೇ ನಮ್ಮ ಪುಟ್ಟ ಕಂಪ್ಯೂಟರು ಪ್ರೆಸ್ಸನ್ನು ನಿಲ್ಲಿಸಬೇಕು. ಅದೇ ಕಂಪ್ಯೂಟರು ಮೋಟಾರಿನ ಬಿಸಿ ನೋಡಬೇಕು, ಒತ್ತಿದ ಬಿಡಿಭಾಗಗಳನ್ನು ಎಣಿಸಬೇಕು, ಎಣಿಸಿದ್ದನ್ನು ಆಫೀಸಿಗೆ ತಿಳಿಸಬೇಕು. ಮಠಪತಿ ಸರ್ ಅವರ ಸಿಮ್ಯುಲೇಶನ್ನಿನಲ್ಲಿ ಒಂದು ಸಲವೂ ತಡವಾಗಲಿಲ್ಲ. ನನ್ನ ಲೆಕ್ಕ ಮಾತ್ರ, ಈ ಎಲ್ಲ ಕೆಲಸಗಳೂ ಒಂದೇ ಕ್ಷಣದಲ್ಲಿ ಮೈಮೇಲೆ ಬಿದ್ದರೆ, ನಿಲ್ಲು ಎಂಬ ಆಜ್ಞೆ ಹೊರಡುವುದು ತಡವಾಗಬಹುದು ಎಂದಿತು.

ನಾವಿಬ್ಬರೂ ಎರಡೂ ಉತ್ತರಗಳನ್ನು ನಮ್ಮ ಕಂಪನಿಯ ಮಾಲೀಕರ ಮುಂದೆ ಅಕ್ಕಪಕ್ಕ ಇಟ್ಟೆವು. ಪರದೆಗೆಂದೇ ಬೇರೊಂದು ಚಿಪ್ ಹಾಕೋಣ ಎಂದು ನಾನು ಕೇಳಿದೆ; ಯಂತ್ರದ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲವೆಂದು ಕಾರ್ಖಾನೆಯವರು ಹೇಳಿದರು. ಕೊನೆಗೆ ನಡುವಿನ ದಾರಿಯೊಂದು ಸಿಕ್ಕಿತು: ಪರದೆಯನ್ನು ಯಂತ್ರದ ಬಾಯಿಂದ ಒಂದು ಅಂಗೈಯಗಲ ಹಿಂದಕ್ಕೆ ಸರಿಸುವುದು, ಆಗ ತಡವಾದರೂ ಕೈ ಅಪಾಯವನ್ನು ಮುಟ್ಟುವ ಮೊದಲು ಪ್ರೆಸ್ಸು ನಿಂತಿರುತ್ತದೆ. ಎಲ್ಲರೂ ಒಪ್ಪಿದರು, ನಾನೂ ಒಪ್ಪಿದೆ. ಅದು ಆತುರದ ತೀರ್ಮಾನವಲ್ಲ, ಲೋಭದ್ದೂ ಅಲ್ಲ. ಇವತ್ತು ಅವೇ ಕಾಗದಗಳನ್ನು ನನ್ನ ಮುಂದಿಟ್ಟರೂ ನಾನು ಹಾಗೆಯೇ ತಲೆಯಾಡಿಸಿಯೇನು. ನನ್ನನ್ನು ಹೆದರಿಸುವುದು ಅದೇ.

ಯಂತ್ರ ಬಹಳ ಕಾಲ ಸರಿಯಾಗಿಯೇ ನಡೆಯಿತು. ಆಮೇಲೊಂದು ದಿನ ಖುಲ್ದಾಬಾದಿನಿಂದ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಿದ್ದ ಸಲೀಂ ಎಂಬ ಯುವಕನ ಬಲಗೈಯ ಬೆರಳುಗಳು ಆ ಪ್ರೆಸ್ಸಿನಡಿ ಹೋದವು.

ವಿಚಾರಣೆ ನಡೆಯಿತು. ಅಪಘಾತದ ಗಾಬರಿಯಲ್ಲಿ ಯಾರೋ ಕರೆಂಟು ತೆಗೆದಿದ್ದರು. ನಮ್ಮ ಕಂಪ್ಯೂಟರಿನ ನೆನಪು ಅದರೊಂದಿಗೇ ಅಳಿಸಿಹೋಗಿತ್ತು. ಅವನ ಕೈ ಬಿಡಿಸಲು ಪರದೆಯ ಕಿರಣ ಹೊರಡುವ ಕಂಬಗಳನ್ನು ಕಿತ್ತಿದ್ದರಿಂದ ಅವು ನಾವು ಹೇಳಿದ ಜಾಗದಲ್ಲೇ ಇದ್ದವೋ, ಯಾರಾದರೂ ಅನುಕೂಲಕ್ಕೆಂದು ಯಂತ್ರದ ಹತ್ತಿರಕ್ಕೆ ಸರಿಸಿದ್ದರೋ ತಿಳಿಯಲಿಲ್ಲ. ಬ್ರೇಕು ಸವೆದಿತ್ತು, ಪ್ರೆಸ್ಸು ನಿಲ್ಲದಷ್ಟು ಸವೆದಿತ್ತೇ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲರ ಮೇಲೂ ಅರ್ಧ ಅನುಮಾನ, ಯಾರ ಮೇಲೂ ಪೂರ್ತಿ ಅಲ್ಲ. ಇಂಥಲ್ಲಿ ಆಗುವುದೇ ಆಯಿತು: ಕೆಲಸಗಾರನ ಅಜಾಗರೂಕತೆ ಎಂದು ಬರೆದು ಮುಗಿಸಿದರು.

ಮಠಪತಿ ಸರ್ ಆಸ್ಪತ್ರೆಗೆ ಹೋಗಿ ಬಂದರು. ಬೀದರದವರಾದ್ದರಿಂದ ದಖನಿ ಉರ್ದು ಅವರ ಬಾಯಲ್ಲಿ ಕನ್ನಡದಷ್ಟೇ ಸಲೀಸು; ಸಲೀಂ ಅವರೊಂದಿಗೆ ತನ್ನ ಮನೆಯವರೊಡನೆ ಮಾತಾಡಿದಂತೆ ಮಾತಾಡಿದನಂತೆ. ಸಿಟ್ಟಿರಲಿಲ್ಲವಂತೆ. ಆ ಗಳಿಗೆ ಮಾತ್ರ ತನಗೆ ನೆನಪಿಲ್ಲ ಎಂದನಂತೆ. ಪರದೆಗೆ ಸಿಗದಂತೆ ಪಕ್ಕದಿಂದ ಕೈಹಾಕಿ, ಯಂತ್ರ ನಡೆಸುವ ಕಾಲ್ಪೆಡಲು ಒತ್ತಿದೆನೋ, ಪರದೆ ದಾಟಿಯೂ ಯಂತ್ರ ನಿಲ್ಲಲಿಲ್ಲವೋ, ಎಷ್ಟು ಸಲ ನೆನೆದರೂ ಅಲ್ಲೊಂದು ಕತ್ತಲೆ. ಕಾರ್ಖಾನೆಯವರು ನಿದ್ದೆಗಣ್ಣು ಎನ್ನುತ್ತಾರೆ, ಮನೆಯಲ್ಲೂ ಹಾಗೆಯೇ ನಂಬಿದ್ದಾರೆ. ಯಂತ್ರ ಮಾಡಿದವರು ನೀವು, ತಪ್ಪು ನನ್ನದೇ ಆಗಿತ್ತೇ, ಅಷ್ಟು ಹೇಳಿಬಿಡಿ ಎಂದು ಕೇಳಿದನಂತೆ. ನೋಡಿ ಹೇಳುತ್ತೇನೆ ಎಂದು ಸರ್ ಮಾತು ಕೊಟ್ಟು ಬಂದರು.

ಆ ಮಾತು ಅವರನ್ನು ತಿಂದುಹಾಕಿತು. ಹಳೆಯ ಸಿಮ್ಯುಲೇಶನ್ನನ್ನು ಮತ್ತೆ ಎಬ್ಬಿಸಿ, ಆ ಒಂದು ತಡವಾದ ಗಳಿಗೆಯನ್ನು ಹುಡುಕತೊಡಗಿದರು. ನಿವೃತ್ತರಾದ ಮೇಲೂ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರು ಇಟ್ಟುಕೊಂಡು ಅದೇ ಪ್ರೆಸ್ಸನ್ನು ಓಡಿಸುತ್ತಿದ್ದರು. ನಾನು ಹೋದಾಗಲೆಲ್ಲ ಅವರ ಮನೆಯವರು, ಪೂಜೆಗೂ ಏಳೋದಿಲ್ಲ ನೋಡ್ರಿ ಎಂದು ಮೆಲ್ಲಗೆ ಹೇಳುತ್ತಿದ್ದರು. ಒಂದು ಕಾಲಕ್ಕೆ ತಡವಾಗದಿರಲಿ ಎಂದು ಕಾದ ಮನುಷ್ಯ ಈಗ ತಡವಾಗಲಿ ಎಂದು ಕಾಯುತ್ತಿದ್ದರು. ಅದು ಸಿಗದಿದ್ದರೆ ಸಲೀಂ ತಪ್ಪಿತಸ್ಥ, ಸಿಕ್ಕರೆ ತಾವು. ಅವರಿಗೆ ಎರಡನೆಯದೇ ಬೇಕಾಗಿತ್ತು. ನನ್ನ ಲೆಕ್ಕವಾದರೋ ಅಪಘಾತಕ್ಕೆ ಮೊದಲು ಹೇಳಿದ್ದನ್ನೇ ಹೇಳುತ್ತಿತ್ತು: ಆಗಬಹುದು ಎಂದು. ಆ ದಿನ ಆಯಿತೇ ಎಂಬುದು ಅದಕ್ಕೆ ಗೊತ್ತಾಗುವ ಸಂಗತಿಯಲ್ಲ.

ಕೆಲವು ವರ್ಷ ಕಳೆದು ಒಂದು ಮಧ್ಯಾಹ್ನ ಅವರ ಫೋನು ಬಂತು. “ಸಿಕ್ತರಿ, ತಂಗಿ,” ಎಂದರು.

ಆಫೀಸಿಗೆ ಹೋಗುವ ಕೇಬಲ್ಲು ಸಡಿಲವಾಗಿದ್ದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಕೆಲಸ ಕಂಪ್ಯೂಟರಿಗೆ ಬೀಳುತ್ತದೆ; ಅದೇ ಕ್ಷಣಕ್ಕೆ ಮೋಟಾರಿನ ಬಿಸಿಯನ್ನೂ ನೋಡಬೇಕಾಗಿ ಬಂದರೆ ನಿಲ್ಲು ಎಂಬ ಆಜ್ಞೆ ಹಿಂದೆ ಬೀಳುತ್ತದೆ; ಬ್ರೇಕೂ ಸವೆದಿದ್ದರೆ ಆ ಅಂಗೈಯಗಲ ಸಾಲದು. ನಾನು ಹೋಗಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಆ ದಿನ ಕೇಬಲ್ಲು ಸಡಿಲವಿತ್ತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ; ಆ ಕೇಬಲ್ಲನ್ನು ಬದಲಿಸಿ ಎಷ್ಟೋ ಕಾಲವಾಗಿತ್ತು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕಿತ್ತು.

ಇಬ್ಬರೂ ಖುಲ್ದಾಬಾದಿಗೆ ಹೋದೆವು. ದರ್ಗಾದ ದಾರಿಯಲ್ಲಿ ಅಣ್ಣನ ಹೂವಿನಂಗಡಿಯಲ್ಲಿ ಸಲೀಂ ಕೂತಿದ್ದ. ಗಡ್ಡ ಬಂದಿತ್ತು, ಬಲಗೈಯನ್ನು ಕರವಸ್ತ್ರದಡಿ ಇಟ್ಟುಕೊಂಡಿದ್ದ. ಸರ್ ಅವರನ್ನು ಗುರುತು ಹಿಡಿದು, ನಮ್ಮಿಬ್ಬರಿಗೂ ಕೂರಲು ಜಾಗ ಮಾಡಿ, ಚಹಕ್ಕೆ ಹೇಳಿದ. ಸರ್ ಪೆನ್ಸಿಲ್ಲು ತೆಗೆದು, ಹೂ ಕಟ್ಟುವ ಕಾಗದದ ಮೇಲೆ ಗೆರೆ ಎಳೆಯುತ್ತ, ಕೇಬಲ್ಲು, ಬಿಸಿ, ಹಿಂದೆ ಬಿದ್ದ ಆಜ್ಞೆ ಎಲ್ಲವನ್ನೂ ದಖನಿಯಲ್ಲಿ ವಿವರಿಸಿದರು. ಸಲೀಂ ಕಾಗದದತ್ತ ಬಾಗಿ ಕೇಳಿದ. ಅವನಿಗೆ ಅರ್ಥವಾಗುತ್ತಿತ್ತು, ಎರಡು ಕಡೆ ನಡುವೆ ತಡೆದು ಮತ್ತೆ ಹೇಳಿಸಿಕೊಂಡ.

ಎಲ್ಲ ಮುಗಿದ ಮೇಲೆ ಕೇಳಿದ, “ಹಾಗಾದರೆ ಆ ದಿನ ಆಗಿದ್ದು ಇದೇನಾ, ಸಾಬ್?”

ಹೌದು ಎಂದರೆ ಮುಗಿಯುತ್ತಿತ್ತು. ಹೌದೆನ್ನಲೆಂದೇ ಅವರು ಅಷ್ಟು ದೂರ ಬಂದದ್ದು ಎಂದು ನಾನು ಬಲ್ಲೆ. ಅವರ ತುಟಿ ಅಲುಗಿದ್ದನ್ನೂ ಕಂಡೆ. ಆದರೆ ಬದುಕೆಲ್ಲ ಕಂಡದ್ದನ್ನಷ್ಟೇ ಹೇಳಿ ರೂಢಿಯಾದ ಮನುಷ್ಯ ಪೆನ್ಸಿಲ್ಲನ್ನು ಕೆಳಗಿಟ್ಟು, “ಆಗಿರಬಹುದು,” ಎಂದರು.

ಸಲೀಂ ಆ ಗೆರೆಗಳ ಕಾಗದವನ್ನು ಸರ್ ಅವರತ್ತ ಸರಿಸಿದ.

“ಆಗಿರಬಹುದು ಅನ್ನೋದು ನನಗೂ ಗೊತ್ತಿತ್ತು, ಸಾಬ್,” ಎಂದ, ಮರ್ಯಾದೆಯಿಂದಲೇ.

ಅಷ್ಟರಲ್ಲಿ ಗಿರಾಕಿಗಳು ಬಂದರು. ಆತ ಅವರತ್ತ ತಿರುಗಿ ಎಡಗೈಯಿಂದ ಗುಲಾಬಿಗಳ ಮೇಲೆ ನೀರು ಚಿಮುಕಿಸತೊಡಗಿದ. ಹೇಳಲು ಬಂದದ್ದನ್ನು ಹೇಳಿಯಾಗಿದ್ದರೂ ನಾವು ಏಳಲಿಲ್ಲ. ಬರುವವರಿಗೂ ಹೋಗುವವರಿಗೂ ಅಡ್ಡವಾಗಿ, ಆ ಪುಟ್ಟ ಅಂಗಡಿಯಲ್ಲಿ ಇಬ್ಬರೂ ಕೂತೇ ಇದ್ದೆವು.