ನಕ್ಷೆಯ ಕೆಳಗಿನ ಹೆಸರು

ಕಳೆದ ವಾರ ಬೀರು ಚೊಕ್ಕಟ ಮಾಡುವಾಗ ಬಟ್ಟೆಗೆ ಅಂಟಿಸಿದ ಹಳೇ ನಕ್ಷೆಯೊಂದರ ಸುರುಳಿ ಸಿಕ್ಕಿತು. ಬಿಚ್ಚಿದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದು ನಮ್ಮ ಆಫೀಸಿನ ಸರ್ವೆ ತಾತನ ವಾಸನೆ...

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಫ್ಯಾಕ್ಟರಿಗೆ ಹೋಗುವ ಜಮೀನುಗಳ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವುದು ರಾಮನಗರದ ಒಂದು ಖಾಸಗಿ ಆಫೀಸಿನಲ್ಲಿ ನನ್ನ ಕೆಲಸ. ಸರ್ವೇಯರ್ ಆಗಿ ನಿವೃತ್ತರಾಗಿದ್ದ ತಾತ ಅವನ್ನು ತಾಳೆ ನೋಡಿ ಸಹಿ ಹಾಕಬೇಕು.

ಹಳೇ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದ ಮಾರನೇ ದಿನವೇ ಶುರುವಾಯಿತು ಗ್ರಹಚಾರ. ಸರ್ವರಿನಿಂದ ಬರುವ ಗೆರೆಗಳು ಉಪಗ್ರಹದ ಚಿತ್ರದ ಮೇಲೆ ಕೂರುವುದೇ ಇಲ್ಲ. ಹೊಲಗಳೆಲ್ಲ ಪಕ್ಕಕ್ಕೆ ಸರಿದಿವೆ. ಸೆಟ್ಟಿಂಗುಗಳನ್ನೆಲ್ಲ ಜಾಲಾಡಿದೆ, ಏನೂ ಗಿಟ್ಟಲಿಲ್ಲ. ಸಾಹೇಬರು ಬೇರೆ ತಲೆ ತಿನ್ನುತ್ತಿದ್ದರು. ಕೊನೆಗೆ ಗೆರೆಗಳನ್ನು ಕೈಯಿಂದಲೇ ಎಳೆದು, ಚಿತ್ರದಲ್ಲಿ ಕಾಣುವ ಕೆರೆಯ ಅಂಚಿಗೆ ಕೂರಿಸಿಬಿಟ್ಟೆ. ನೋಡಲು ಲಕ್ಷಣವಾಗಿತ್ತು.

"ಬ್ಯಾಸ್ಗೆ ಕೆರೆ ಕಣವ್ವ ಇದು, ನೀರು ಒಳಕ್ಕೋಗೈತೆ. ನೀರ್ ನಂಬ್ಕೊಂಡು ಗೆರೆ ಎಳೀತಾರಾ? ಗಡಿ ಕಲ್ಲು ನೋಡ್ಬೇಕು," ಎಂದರು ತಾತ. ತಮ್ಮ ಬಟ್ಟೆ ನಕ್ಷೆ ಹರಡಿ ತೋರಿಸಿದರು. ಅವರ ಪಕ್ಕದ ಮನೆಯ ವಿಧವೆಯ ಬಾವಿ ನನ್ನ ನಕ್ಷೆಯಲ್ಲಿ ಫ್ಯಾಕ್ಟರಿ ಜಾಗದೊಳಗೆ ಹೋಗಿತ್ತು. ತಾತ ಸಹಿ ಹಾಕಲಿಲ್ಲ. ಸಾಹೇಬರು ಕೇಳಬೇಕಲ್ಲ! ನಾಳೆಯಿಂದ ಬರಬೇಡಿ ಎಂದು ತಾತನಿಗೆ ಹೇಳಿಬಿಟ್ಟರು, ನಕ್ಷೆ ಸಹಿಯಿಲ್ಲದೆ ಹಾಗೇ ಫ್ಯಾಕ್ಟರಿಯವರಿಗೆ ಹೋಯಿತು.

ಆದರೆ 'ಪರಿಶೀಲಿಸಿದವರು' ಎಂದು ಪ್ರತಿ ನಕ್ಷೆಯ ಕೆಳಗೆ ತಾತನ ಹೆಸರನ್ನು ಸರ್ವರೇ ಅಚ್ಚು ಹಾಕುತ್ತಿತ್ತು. ಹಾಗೆ ಜೋಡಿಸಿದವಳು ನಾನು. ತೆಗೆಯಲು ಮರೆತಿದ್ದೆ.

ಜೆಸಿಬಿ ಬಂದು ಬಾವಿ ಮುಚ್ಚಿತು. ಒಂದು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದ ತಾತ ನನ್ನ ಮೇಜಿನ ಮುಂದೆ ನಿಂತರು.

"ಆ ಹೆಣ್ಮಗಳ ಬಾವಿ ನಾನೇ ಬರ್ಕೊಟ್ಟೆ ಅಂತಾವ್ರೆ ಊರೋರೆಲ್ಲ. ತಲೆ ಎತ್ತಿ ಓಡಾಡಕ್ಕಾಗ್ತಿಲ್ಲ. ನಾನು ಒಪ್ಪಿರ್ಲಿಲ್ಲ ಅಂತ ಒಸಿ ಬರ್ಕೊಡವ್ವ."

ನನಗೆ ನೌಕರಿಯ ಭಯ. "ಸಾಹೇಬ್ರನ್ನ ಕೇಳ್ತೀನಿ ತಾತ, ನಾಳೆ ಬನ್ನಿ," ಎಂದೆ. ಆ ನಾಳೆಯನ್ನು ಎಷ್ಟು ಸಲ ಹೇಳಿದೆನೋ... ಕೊನೆಯ ಸಲ ಬಂದಾಗ ಬಟ್ಟೆ ನಕ್ಷೆಯನ್ನು ನನ್ನ ಮೇಜಿನ ಮೇಲಿಟ್ಟು, "ಪುರುಸೊತ್ತಾದಾಗ ನೋಡು," ಎಂದು ಹೋದರು.

ಆಮೇಲೆ ತಪ್ಪು ಸಿಕ್ಕಿತು. ಅಳತೆ ಯಾವ ಮೂಲಬಿಂದುವಿನಿಂದ ಶುರು ಎಂದು ಹೇಳುವ ಒಂದೇ ಒಂದು ಸಾಲು ಹಳೇ ಸಾಫ್ಟ್‌ವೇರಿನಿಂದ ಹೊಸದಕ್ಕೆ ಬಂದಿರಲಿಲ್ಲ. ಸೇರಿಸಿದೆ. ಗೆರೆಗಳು ತಾತ ತೋರಿಸಿದ್ದ ಗಡಿ ಕಲ್ಲುಗಳ ಮೇಲೇ ಬಂದು ಕೂತವು. ಥೂ ನನ್ನ ಜನ್ಮಕ್ಕೆ! ಅವತ್ತೇ ತಾತ ಕೇಳಿದ್ದ ಕಾಗದ ಬರೆದುಕೊಂಡು ಅವರ ಊರಿಗೆ ಬಸ್ಸು ಹತ್ತಿದೆ.

"ತಿಥಿನೂ ಆಗೋಯ್ತಲ್ಲವ್ವ," ಎಂದ, ತಾತನ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಬಸ್ ಸ್ಟಾಪಿನ ಅಂಗಡಿಯವನು. "ಹೆಗಲು ಕೊಡಕ್ಕೂ ಜನ ಬರ್ಲಿಲ್ಲ."

ತಾತನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು. ಆ ಹೆಣ್ಣುಮಗಳ ಕೈಗಾದರೂ ಕಾಗದ ಕೊಡಬಹುದಿತ್ತು. ಧೈರ್ಯ ಬರಲಿಲ್ಲ, ವಾಪಸು ಬಂದೆ.

ಕಾಗದ ಈ ಸುರುಳಿಯೊಳಗೇ ಇದೆ, ಮಡಿಕೆ ಕೂಡ ಬಿಚ್ಚಿಲ್ಲ. ತಾತನ ಹೆಸರನ್ನು ಇಲ್ಲಿ ಬರೆದಿಲ್ಲ. ಒಮ್ಮೆ ಬರೆದದ್ದೇ ಸಾಕು.