ಜೋರು ಫೋನಿನ ಅಜ್ಜಿ

ಬಸ್ಸಿನಲ್ಲಿ ಯಾರಾದರೂ ಮೊಬೈಲು ಜೋರಾಗಿ ಹಾಕಿದರೆ ಕಂಡಕ್ಟರಾದ ನನಗೆ ಮೈ ಉರಿಯುತ್ತದೆ. ಆವತ್ತು ಕೊಡಿಗೇನಹಳ್ಳಿಯಲ್ಲಿ ಹತ್ತಿದ ಅಜ್ಜಿಯ ಫೋನಿನಲ್ಲಿ ಡಾಕ್ಟರೊಬ್ಬರು ಲಕ್ವ ಹೊಡೆಯುವ ಲಕ್ಷಣಗಳ ಪಾಠ ಮಾಡುತ್ತಿದ್ದರು. ಬೈಯಲು ಹೋದೆ, ನಾಲಿಗೆ ಯಾಕೋ ತೊದಲಿತು. ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿದಳು.

“ಒಂದ್ಸಲ ನಗಪ್ಪಾ, ನೋಡಾನ.”

ತುಂಬಿದ ಬಸ್ಸಿನಲ್ಲಿ ಎಂಥ ಅವಮಾನ! ನಗುವುದಿಲ್ಲ ಅಂದೆ.

“ಅಂಗಾದ್ರೆ ಎರಡೂ ಕೈ ಎತ್ತು.”

ಬಲಗೈ ಮೇಲೇಳಲಿಲ್ಲ.

“ಡ್ರೈವರಣ್ಣ, ಎಲ್ಲೂ ನಿಲ್ಲಿಸ್ಬ್ಯಾಡ, ಸೀದಾ ಮಧುಗಿರಿ ಆಸ್ಪತ್ರೆಗೆ ಬುಡು!” ಎಂದು ಅಜ್ಜಿ ಕೂಗಿದಳು.

ಬೇಗ ಬಂದಿದ್ದಕ್ಕೆ ಬಚಾವಾದೆ. ಅದೇ ಬಲಗೈಯಲ್ಲಿ ಇವತ್ತೂ ಟಿಕೆಟ್ ಹರಿಯುತ್ತಿದ್ದೇನೆ.

ಮೊನ್ನೆ ಅಜ್ಜಿ ಮತ್ತೆ ಹತ್ತಿದಳು. ಫೋನಿನಲ್ಲಿ ಮಧುಗಿರಿ ಕೋಟೆಯ ಇತಿಹಾಸ. ನನ್ನನ್ನು ಕಂಡು ಸದ್ದು ತಗ್ಗಿಸಿದಳು.

“ಜೋರಾಗೇ ಇಡಜ್ಜಿ, ಹಿಂದಿನ ಸೀಟಿಗೂ ಕೇಳ್ಲಿ,” ಅಂದು, ಅವಳು ಕೇಳುವ ಮೊದಲೇ ನಕ್ಕು ತೋರಿಸಿದೆ.